ದರಿಯಾ ದೌಲತಿನ ಗೋಡೆ

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರು. ಶಾಲೆಗಳಲ್ಲಿ ನಾವು ಅವೆರಡನ್ನೂ ಬೇರ್ಪಡಿಸಿ ಇಟ್ಟಿದ್ದೇವೆ. ಕೋಶವನ್ನು ಓದುವುದಕ್ಕೆ ವರ್ಷವೆಲ್ಲ ಇದೆ; ದೇಶವನ್ನು ಸುತ್ತುವುದಕ್ಕೆ ಡಿಸೆಂಬರ್ ತಿಂಗಳಿನಲ್ಲಿ ಎರಡು ದಿನ. ಆ ಎರಡು ದಿನಗಳಲ್ಲಿ ಬಸ್ಸು ನಿಂತ ಕಡೆ ಇಳಿದು, ಮೇಷ್ಟ್ರು ಎಣಿಸಿದ ಕೂಡಲೆ ಹತ್ತಿ, ಹತ್ತು ಸ್ಥಳಗಳನ್ನು ‘ಮುಗಿಸಿ’ ಬಂದ ಹುಡುಗನನ್ನು ಏನು ನೋಡಿದೆಯಪ್ಪ ಎಂದು ಕೇಳಿದರೆ, ಬೃಂದಾವನದ ಕಾರಂಜಿ ಎಂದು ಹೇಳಿ ಸುಮ್ಮನಾಗುತ್ತಾನೆ. ತಪ್ಪು ಅವನದಲ್ಲ.

ತಪ್ಪು ಯಾರದೆಂಬುದನ್ನು ನಾನು ನನ್ನ ಅನುಭವದಿಂದಲೇ ಬಲ್ಲೆ. ವಾಚಕರೇ, ನಾನು ಹನಕೆರೆಯ ಕಡೆಯವನು. ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿ ತಲೆ ನರೆತವನು. ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಹೋದಾಗಲೆಲ್ಲ ದರಿಯಾ ದೌಲತಿನ ಚಿತ್ರಗಳ ಮುಂದೆ ನಿಂತು, ಇಸವಿಗಳನ್ನು ಒಪ್ಪಿಸಿ, ಕಾಲು ಗಂಟೆಯಲ್ಲಿ ಮಕ್ಕಳನ್ನು ಹೊರಗೆ ಕಳುಹಿಸಿದ್ದೇನೆ. ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ನನ್ನನ್ನು ಅಲ್ಲಿಯೇ ತಡೆದು ನಿಲ್ಲಿಸಿತು. ಆ ಪ್ರಶ್ನೆಯ ವಿಚಾರವನ್ನೇ ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಅದಕ್ಕೆ ಮುನ್ನ ಭಾಷೆಯನ್ನು ಕುರಿತು ಒಂದು ಮಾತು. ಪಂಡಿತನಿಗೆ ಇದು ಬಿಡದ ಚಟ. ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಕ್ರಿಯಾಪದ ಒಂದೇ. ಬರೆದದ್ದು ಯಾವುದಾದರೂ ಸರಿ, ಅದನ್ನು ಓದಬೇಕು. ಯಾರು ಬರೆದರು, ಯಾರಿಗಾಗಿ ಬರೆದರು, ಅಳಿಸಿದ್ದೇನು, ತಿದ್ದಿದ್ದೇನು ಎಂದು ನಾವು ಓಲೆಗರಿಯ ಪ್ರತಿಯನ್ನು ಕೇಳುವ ಪ್ರಶ್ನೆಗಳನ್ನು ಗೋಡೆಯ ಚಿತ್ರವನ್ನೂ ಕೇಳಬೇಕು. ಇಷ್ಟು ಸರಳವಾದ ಸಂಗತಿ ನನಗೆ ಹೊಳೆಯುವುದಕ್ಕೆ ಇಪ್ಪತ್ತು ಪ್ರವಾಸಗಳು ಬೇಕಾದುವು.

ಹನಕೆರೆ ಮದ್ದೂರಿಗೂ ಮಂಡ್ಯಕ್ಕೂ ನಡುವೆ ಹಳೆಯ ಹೆದ್ದಾರಿಯ ಮೇಲಿರುವ ಊರು. ರೈಲು ನಿಲ್ದಾಣವೂ ಉಂಟು. ಆ ವರ್ಷ ಬಸ್ಸು ಬೇಡವೆಂದು ಪ್ಯಾಸೆಂಜರ್ ಗಾಡಿಯಲ್ಲಿ ಹೊರಟೆವು. ಮಕ್ಕಳ ಚೀಲಗಳಲ್ಲಿ ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ, ನಾನು ಹೇಳಿದಂತೆ ಒಂದೊಂದು ನೋಟ್‌ಬುಕ್ಕು ಮತ್ತು ಪೆನ್ಸಿಲು. ಕಬ್ಬಿನ ಗದ್ದೆಗಳು ಹಿಂದಾಗಿ, ಪಾಂಡವಪುರವನ್ನು ದಾಟಿ, ಗಾಡಿ ಕಾವೇರಿಯ ಮೇಲಿನ ಸೇತುವೆಗೆ ಬಂದಾಗ ಮಕ್ಕಳೆಲ್ಲ ಕಿಟಕಿಗೆ ಮುಗಿಬಿದ್ದರು. ನದಿ ಇಬ್ಭಾಗವಾಗಿ ಬಳಸಿಕೊಂಡಿರುವ ದ್ವೀಪ ಅದು. ದಂಡೆತ್ತಿ ಬಂದವರಿಗೆ ನೀರೇ ಮೊದಲನೆಯ ಕೋಟೆ.

ಶ್ರೀರಂಗಪಟ್ಟಣದಲ್ಲಿ ರೈಲು ಹಳೆಯ ಕೋಟೆಯ ಒಳಕ್ಕೇ ನುಗ್ಗಿ ನಿಲ್ಲುತ್ತದೆ. ಈ ದಾರಿಯನ್ನು ಜೋಡಿ ಮಾಡುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂದಿತು. ಅದನ್ನು ಕೆಡಹದೆ, ಸುಮಾರು 1,000 ಟನ್ ತೂಕದ ಇಡೀ ಕಟ್ಟಡವನ್ನು ಬುಡದಿಂದ ಎತ್ತಿ, 2017ರಲ್ಲಿ ನೂರು ಮೀಟರಿಗೂ ಮಿಗಿಲಾದ ದೂರಕ್ಕೆ ಸರಿಸಿ ಇಟ್ಟರು. ನಡೆದುಹೋದ ಕಟ್ಟಡವೆಂದು ಮಕ್ಕಳು ಅದನ್ನು ಬೆರಗಿನಿಂದ ನೋಡಿದರು. ಹಳೆಯದೊಂದನ್ನು ಉಳಿಸಬೇಕೆಂಬ ಮನಸ್ಸಿದ್ದರೆ ದಾರಿ ಇದ್ದೇ ಇರುತ್ತದೆ ಎಂದು ನಾನು ಹೇಳಿದೆ. ಆ ಮಾತು ಅದೇ ದಿನ ಮತ್ತೆ ಕೆಲಸಕ್ಕೆ ಬರುತ್ತದೆಂದು ಆಗ ಎಣಿಸಿರಲಿಲ್ಲ.

ಈ ಊರಿನ ಕಥೆ ಬಹಳ ಹಳೆಯದು. ಶ್ರೀರಂಗನಾಥನ ಗುಡಿಯ ಮೊದಲು ಗಂಗರ ಕಾಲದಷ್ಟು ಹಿಂದಕ್ಕೆ ಹೋಗುತ್ತದೆ. ವಿಜಯನಗರದ ಪ್ರತಿನಿಧಿ ಇಲ್ಲಿ ಕುಳಿತು ಸುತ್ತಲ ಸೀಮೆಯನ್ನು ಆಳುತ್ತಿದ್ದನು. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ತಮ್ಮದಾಗಿಸಿಕೊಂಡು ಇದನ್ನೇ ರಾಜಧಾನಿ ಮಾಡಿಕೊಂಡರು. ಅಲ್ಲಿಂದ 1799ರವರೆಗೆ ಮೈಸೂರು ಸೀಮೆಯ ಹಣೆಯಬರಹ ಇಲ್ಲಿಯೇ ಬರೆಯಲ್ಪಟ್ಟಿತು. ದೇವಾಲಯ, ಅವಳಿ ಮಿನಾರುಗಳ ಮಸೀದಿ, ಟಿಪ್ಪು ಮಡಿದ ಸ್ಥಳ, ಇವುಗಳನ್ನೆಲ್ಲ ನೋಡಿಕೊಂಡು ನಾವು ಕೋಟೆಯ ಹೊರಗೆ ಗಂಜಾಂ ಕಡೆಯ ದಾರಿ ಹಿಡಿದೆವು. ದರಿಯಾ ದೌಲತ್ ಇರುವುದು ಆ ದಾರಿಯಲ್ಲಿ, ತೋಟದ ನಡುವೆ.

ಹೊರಗಿನಿಂದ ಅದು ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಬಿಸಿಲು ತಡೆಯಲು ಸುತ್ತ ಪರದೆಗಳನ್ನು ಇಳಿಬಿಟ್ಟಿರುತ್ತಾರೆ. ಎತ್ತರವಾದ ಜಗತಿಯ ಮೇಲೆ ಹೆಚ್ಚಾಗಿ ಮರದಿಂದಲೇ ಕಟ್ಟಿದ ಬೇಸಗೆಯ ಅರಮನೆ. ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಒಳಕ್ಕೆ ಕಾಲಿಟ್ಟರೆ ಕಂಬ, ಕಮಾನು, ಗೋಡೆ, ಚಾವಣಿ, ಒಂದು ಗೇಣು ಜಾಗವೂ ಖಾಲಿಯಿಲ್ಲ. ಎಲ್ಲೆಲ್ಲೂ ಬಣ್ಣ, ಹೂಬಳ್ಳಿ. 1959ರಿಂದ ಇದು ಕೇಂದ್ರ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವೂ ಆಗಿದೆ.

ಪಶ್ಚಿಮದ ಗೋಡೆಯ ಮುಂದೆ ಮಕ್ಕಳನ್ನು ಕೂರಿಸಿದೆ. ಒಂದು ಕಡೆ ಹೈದರನೂ ಟಿಪ್ಪುವೂ ಪರಿವಾರದೊಡನೆ ಸವಾರಿ ಹೊರಟಿದ್ದಾರೆ. ಇನ್ನೊಂದು ಕಡೆ ಪೊಳ್ಳಿಲೂರಿನ ಕಾಳಗ. ಕಂಚಿಯ ಬಳಿ 1780ರ ಸೆಪ್ಟೆಂಬರ್ 10ರಂದು ನಡೆದ ಆ ಕಾಳಗದಲ್ಲಿ ಕರ್ನಲ್ ಬೇಲಿಯ ಕೈಕೆಳಗೆ ಇಂಗ್ಲಿಷ್ ಕಂಪೆನಿಯ ಸುಮಾರು 3,800 ಮಂದಿ ಇದ್ದರು. ಬಕ್ಸಾರಿನಲ್ಲಿ ಗೆದ್ದು ಹೆಸರು ಮಾಡಿದ್ದ ಹೆಕ್ಟರ್ ಮನ್ರೋ ದೊಡ್ಡ ಸೈನ್ಯದೊಡನೆ ಸಮೀಪದ ಕಂಚಿಯಲ್ಲಿಯೇ ಇದ್ದನು. ಆದರೆ ಹೊತ್ತಿಗೆ ಒದಗಲಿಲ್ಲ. ಮೈಸೂರಿನ ಕುದುರೆಪಡೆ ಸುತ್ತುಗಟ್ಟಿತು, ಇಂಗ್ಲಿಷರ ಮದ್ದಿನ ಗಾಡಿಗಳು ಸಿಡಿದುವು, ಬೇಲಿ ಸೆರೆಸಿಕ್ಕಿದನು. ಅಲ್ಲಿಯವರೆಗೆ ಕಂಪೆನಿಯ ಸೈನ್ಯ ಇಂಡಿಯಾದಲ್ಲಿ ಅಂಥ ಸೋಲನ್ನು ಉಂಡಿರಲಿಲ್ಲ.

ಚಿತ್ರಕಾರನು ಇದೆಲ್ಲವನ್ನೂ ಬರೆದಿದ್ದಾನೆ. ಕೆಂಪು ಅಂಗಿಯ ಸಿಪಾಯಿಗಳು ಚೌಕವಾಗಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ. ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. ಸುತ್ತ ಕುದುರೆ ಸವಾರರ ಸಾಲು ಮೇಲೆ ಸಾಲು. ಎಲ್ಲವೂ ಮುಗಿದ ಮೇಲೆ ಬರುವ ನಿಜಾಮನ ಸೈನ್ಯವನ್ನು ತೋರಿಸಿ ಚಿತ್ರಕಾರನು ಗೇಲಿಯನ್ನೂ ಮಾಡಿದ್ದಾನೆ. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣಬೇಕೆಂಬ ಕಟ್ಟು ಇಲ್ಲಿಲ್ಲ; ಯಾರು ಮುಖ್ಯರೋ ಅವರು ದೊಡ್ಡವರು. ಚಿತ್ರಕಾರನ ಎಣಿಕೆ ಅರ್ಥವಾದರೆ ಅರ್ಧ ಚಿತ್ರವನ್ನು ಓದಿದಂತಾಯಿತು.

ಪೂರ್ವದ ಗೋಡೆಯ ಕಥೆ ಬೇರೆ. ಅಲ್ಲಿ ಐದು ಸಾಲುಗಳಲ್ಲಿ ದರ್ಬಾರುಗಳು, ಅರಸರು, ಪಾಳೆಯಗಾರರು. ತಂಜಾವೂರಿನ ರಾಜ, ಕಾಶಿಯ ರಾಜ, ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿನಾಯಕ ಎಂದು ಅವರನ್ನು ಗುರುತಿಸಿದ್ದಾರೆ. ಮದಕರಿಯ ಹೆಸರು ಕಿವಿಗೆ ಬಿದ್ದೊಡನೆ ಹುಡುಗನೊಬ್ಬ ಎದ್ದು ನಿಂತ. “ಸಾ, ದುರ್ಗಾನ ಹೈದರು ಹಿಡ್ಕೊಂಡಿದ್ದು 1779ರಲ್ಲಿ ಅಂತ ನೀವೇ ಹೇಳಿದ್ರಿ. ಈ ಅರಮನೆ ಕಟ್ಟಿದ್ದು 1784. ಸೋತು ಸೆರೆಗೆ ಹೋದೋನು ಗೋಡೆ ಮೇಲೆ ರಾಜನಾಗಿ ಹೆಂಗೆ ಕೂತವ್ನೆ?” ಇಸವಿಗಳನ್ನು ಬಾಯಿಪಾಠ ಮಾಡಿಸಿದ್ದು ಜೀವನದಲ್ಲಿ ಮೊದಲ ಸಲ ಸಾರ್ಥಕವಾಯಿತು ಎನ್ನಿಸಿತು. ಗೋಡೆಯಲ್ಲಿ ಇಸವಿ ಇರುವುದಿಲ್ಲ, ಕೀರ್ತಿ ಇರುತ್ತದೆ ಎಂದೆ. ಅರಸನನ್ನು ಸೆರೆಯಲ್ಲಿಡಬಹುದು, ಅವನ ಹೆಸರನ್ನು ಇಡಲಾಗುವುದಿಲ್ಲ.

ಆಗ ನಾನು, ವರ್ಷವೂ ಹೇಳುವಂತೆ, ಮುತ್ತಿಗೆಯ ಮುನ್ನ ಈ ಚಿತ್ರವನ್ನು ಮರೆಮಾಡಿದ್ದರೆಂಬ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೊರಟೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿ ಬಿಡಲಿಲ್ಲ. “ಸಾ, ಗೆದ್ದಿದ್ದು ನಮ್ಮೋರಲ್ವಾ? ಗೆದ್ದೋರೇ ಯಾಕೆ ಅಳಿಸಿದ್ರು? ಮತ್ತೆ ಈಗ ಕಾಣ್ತಾ ಇರೋದನ್ನ ಯಾರು ಬರೆದ್ರು?”

ಕಾಲು ಗಂಟೆಯ ಪಾಠ ಅಲ್ಲಿಗೆ ಮುರಿದುಬಿತ್ತು. “ಕೂತ್ಕೊಳಮ್ಮ, ಇದನ್ನ ನಿಧಾನವಾಗಿ ನೋಡೋಣ” ಎಂದೆ. ಆಮೇಲೆ ನಾವು ಅಲ್ಲಿ ಒಂದೂವರೆ ಗಂಟೆ ಕುಳಿತೆವು.

ಗೋಡೆಯ ವೃತ್ತಾಂತ ಹೀಗಿದೆ. ಅರಮನೆ ಎದ್ದ 1784 ಮಂಗಳೂರಿನ ಒಪ್ಪಂದವಾದ ವರ್ಷ. ಎರಡನೆಯ ಮೈಸೂರು ಯುದ್ಧ ಮುಗಿದಿತ್ತು. ಕಂಪೆನಿಯವರು ಸಂಧಿಗಾಗಿ ಟಿಪ್ಪುವಿನ ಬಳಿಗೆ ಬಂದಿದ್ದರು. ಗೆಲುವನ್ನು ಗೋಡೆಯ ತುಂಬ ಬರೆಸುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಎಂಟು ವರ್ಷಗಳಲ್ಲಿ ಗಾಳಿ ತಿರುಗಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ರಾಜ್ಯದ ಅರ್ಧ ಭಾಗವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿಗಳ ದಂಡಕ್ಕೆ ಒಪ್ಪಿ, ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. 1799ರ ಮೇ 4ರಂದು ಕೋಟೆ ಬಿದ್ದಿತು. ಟಿಪ್ಪು ಹೋರಾಡುತ್ತ ಮಡಿದನು.

ಆ ಮುತ್ತಿಗೆಗೆ ಮುನ್ನವೇ ಚಿತ್ರವನ್ನು ಅಳಿಸಲಾಗಿತ್ತೆಂದು ಬಿ. ಎಲ್. ರೈಸರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ತಿಳಿಸುತ್ತಾರೆ. ಕೋಟೆ ಬಿದ್ದ ಮೇಲೆ ಪಟ್ಟಣದ ಆಡಳಿತವನ್ನು ವಹಿಸಿಕೊಂಡವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಅವನು ತನ್ನ ವಾಸಕ್ಕೆ ಆರಿಸಿಕೊಂಡದ್ದು ದರಿಯಾ ದೌಲತನ್ನೇ. ತನ್ನ ಜನ ಸೋತ ಚಿತ್ರವನ್ನು ಬಹು ಜೋಪಾನವಾಗಿ ಮತ್ತೆ ಎತ್ತಿ ಬರೆಸಿದನು. ಅವನು ಹೋದ ಮೇಲೆ ಗೋಡೆ ಮತ್ತೊಮ್ಮೆ ಸುಣ್ಣ ಕಂಡಿತು. ಚಿತ್ರ ಬಹುಮಟ್ಟಿಗೆ ಅಳಿದೇ ಹೋಯಿತು. ಗವರ್ನರ್ ಜನರಲ್ ಡಾಲ್‌ಹೌಸಿ 1855ರ ಸುಮಾರಿಗೆ ಮೈಸೂರು ಸೀಮೆಯ ಪ್ರವಾಸಕ್ಕೆ ಬಂದಾಗ ಅದನ್ನು ಪುನಃ ಬರೆಸುವಂತೆ ಆಜ್ಞೆ ಮಾಡಿದನು. ಬರೆದವನು ಈ ದೇಶದ ಒಬ್ಬ ಚಿತ್ರಕಾರ. ಮೊದಲಿನ ಚಿತ್ರ ಹೇಗಿತ್ತೆಂಬುದು ಅವನ ನೆನಪಿನಲ್ಲಿ ಇದ್ದಿತು.

ಅಂದರೆ ವಾಚಕರೇ, ನಾವು ಇಂದು ನೋಡುತ್ತಿರುವುದು ಎರಡು ಸಲ ಅಳಿಸಿ ಮೂರು ಸಲ ಬರೆದ ಗೋಡೆ. ಗೆದ್ದವರು ಅಳಿಸಿದರು, ಸೋತವರ ಕಡೆಯವರು ಉಳಿಸಿದರು. ಏಕೆ? ಮಕ್ಕಳು ಇದಕ್ಕೆ ತಮಗೆ ತೋಚಿದ ಉತ್ತರಗಳನ್ನು ಕೊಟ್ಟರು. ವೈರಿ ಬಾಗಿಲಿಗೆ ಬಂದಿರುವಾಗ ಅವನನ್ನು ಕೆಣಕುವ ಚಿತ್ರ ಏಕೆಂದು ಅಳಿಸಿರಬಹುದು ಎಂದ ಒಬ್ಬ. ಸೋತ ಮೇಲೆ ಹಳೆಯ ಗೆಲುವನ್ನು ನೋಡುವುದು ನೋವಲ್ಲವೆ ಎಂದಳು ಇನ್ನೊಬ್ಬಳು. ಇಡೀ ದೇಶವೇ ಕೈಗೆ ಬಂದ ಮೇಲೆ ಒಂದು ಗೋಡೆಯ ಅವಮಾನ ಇಂಗ್ಲಿಷರಿಗೆ ಯಾವ ಲೆಕ್ಕ ಎಂದು ಮತ್ತೊಬ್ಬ. ಎಷ್ಟು ದೊಡ್ಡ ವೈರಿಯನ್ನು ಗೆದ್ದೆವು ಎಂದು ತೋರಿಸಿಕೊಳ್ಳುವುದಕ್ಕೆ ಉಳಿಸಿದರು ಎಂದು ಪ್ರಶ್ನೆ ಕೇಳಿದ್ದ ಹುಡುಗಿಯೇ ಹೇಳಿದಳು. ನಾನು ಯಾವುದನ್ನೂ ಸರಿ, ಯಾವುದನ್ನೂ ತಪ್ಪು ಎನ್ನಲಿಲ್ಲ. ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೇಳಿದೆ.

ಯುದ್ಧಚಿತ್ರವನ್ನು ಬರೆದು ಅಳಿಸುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಕಲೆಯ ವಿದ್ಯಾರ್ಥಿಗಳು ದೇಶದೇಶಗಳಿಂದ ತಂಡ ಕಟ್ಟಿಕೊಂಡು ಹೋಗಿ ನೋಡುವ ಪಟ್ಟಣ ಇಟಲಿಯ ಫ್ಲಾರೆನ್ಸ್. ಅಲ್ಲಿನ ಹಳೆಯ ಅರಮನೆಯ ದೊಡ್ಡ ಸಭಾಭವನದ ಗೋಡೆಯ ಮೇಲೆ, 1440ರಲ್ಲಿ ಮಿಲಾನಿನವರನ್ನು ಸೋಲಿಸಿದ ಆಂಗಿಯಾರಿಯ ಕಾಳಗವನ್ನು ಬರೆಯಲು ಫ್ಲಾರೆನ್ಸಿನ ಗಣರಾಜ್ಯ 1503ರಲ್ಲಿ ಲಿಯೊನಾರ್ಡೊ ದ ವಿಂಚಿಯನ್ನು ನೇಮಿಸಿತು. ಅವನು ಸ್ವಲ್ಪ ಭಾಗ ಬರೆದು, ಬಣ್ಣ ಕೈಕೊಟ್ಟಿತೆಂದು ಅಲ್ಲಿಗೇ ಬಿಟ್ಟನು. ಮುಂದೆ ಗಣರಾಜ್ಯ ಹೋಗಿ ಮೆದಿಚಿ ಮನೆತನದವರು ಪ್ರಭುಗಳಾದರು. 1563ರ ವೇಳೆಗೆ ವಾಸಾರಿ ಎಂಬ ಚಿತ್ರಕಾರನಿಂದ ಅದೇ ಸಭಾಭವನದ ಗೋಡೆಗಳ ಮೇಲೆ ತಮ್ಮ ಗೆಲುವಿನ ಕಾಳಗಗಳನ್ನು ಬರೆಸತೊಡಗಿದರು.

ಲಿಯೊನಾರ್ಡೊನ ಚಿತ್ರವನ್ನು ಇಂದು ನಾವು ಇತರರು ತೆಗೆದುಕೊಂಡ ನಕಲುಗಳಿಂದ ಮಾತ್ರ ಬಲ್ಲೆವು. ವಾಸಾರಿಯ ಚಿತ್ರದಲ್ಲಿ ಸಣ್ಣದೊಂದು ಹಸುರು ಬಾವುಟದ ಮೇಲೆ, ಹುಡುಕಿದವನಿಗೆ ಸಿಕ್ಕುತ್ತದೆ ಎಂಬ ಅರ್ಥದ ಎರಡು ಪದಗಳಿವೆ. ಹಳೆಯ ಚಿತ್ರ ಅದರ ಹಿಂದೆ ಅಡಗಿರಬಹುದೆಂದು ಗೋಡೆಗೆ ಸಣ್ಣ ರಂಧ್ರಗಳನ್ನು ಕೊರೆದು ಹುಡುಕಿದರು. ಇರುವ ಚಿತ್ರಕ್ಕೆ ಧಕ್ಕೆಯಾಗುತ್ತದೆಂದು ಕೂಗೆದ್ದು 2012ರಲ್ಲಿ ಆ ಕೆಲಸ ನಿಂತಿತು. ಅಲ್ಲಿ ಹೊಸ ಪ್ರಭು ತನ್ನ ಗೆಲುವನ್ನು ಹಳೆಯ ಗೋಡೆಯ ಮೇಲೆ ಬರೆಸಿದ. ಇಲ್ಲಿ ಹೊಸ ಪ್ರಭು ತನ್ನ ಸೋಲನ್ನೇ ಮತ್ತೆ ಬರೆಸಿದ. ಎರಡೂ ಕಡೆ ಗೋಡೆಯ ಮೇಲಿನ ಮಾತು ಆಳುವವನ ಕೈಯಲ್ಲಿದ್ದಿತೆಂಬುದನ್ನು ಮರೆಯಬಾರದು.

ಹಾಗಾದರೆ ಈ ಚಿತ್ರವನ್ನು ನಂಬಬೇಕೆ, ಬೇಡವೆ? ನಂಬುವುದಕ್ಕಿಂತ ಮೊದಲು ವಿಚಾರಿಸಬೇಕು. ಟಿಪ್ಪುವಿನ ಹೆಸರೆತ್ತಿದೊಡನೆ ಎರಡು ಪಕ್ಷ ಕಟ್ಟಿಕೊಂಡು ನಿಲ್ಲುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಮಕ್ಕಳೂ ಅದನ್ನು ಮನೆಯಿಂದ ಹೊತ್ತು ತರುತ್ತಾರೆ. ನಮ್ಮ ಜಿಲ್ಲೆಯ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ಯರ ಮನೆಗಳಲ್ಲಿ ನರಕಚತುರ್ದಶಿಯ ಹಬ್ಬವನ್ನು ಆಚರಿಸುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮವರಿಗೆ ಒದಗಿದ ಸಾವಿನ ನೆನಪು ಅದಕ್ಕೆ ಕಾರಣವೆಂದು ಹೇಳುತ್ತಾರೆ. ಅದೇ ಟಿಪ್ಪು ಶ್ರೀರಂಗನಾಥನ ಗುಡಿಗೆ ಬೆಳ್ಳಿಯ ಪಾತ್ರೆಗಳನ್ನು ಒಪ್ಪಿಸಿದ್ದುಂಟು. ದರಿಯಾ ದೌಲತಿನ ಗೋಡೆಯ ಮೇಲೆ ಈ ಎರಡೂ ಇಲ್ಲ. ಪೊಳ್ಳಿಲೂರಿನಲ್ಲಿ ಗದ್ದೆ ತುಳಿಸಿಕೊಂಡ ರೈತನೂ ಇಲ್ಲ. ಗೋಡೆ ಬರೆದದ್ದನ್ನು ಓದುವುದು ಒಂದು ವಿದ್ಯೆ. ಬರೆಯದೆ ಬಿಟ್ಟದ್ದನ್ನು ಓದುವುದು ಅದರ ಮುಂದಿನ ತರಗತಿ.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು ಗುಂಬಜಿಗೆ ನಡೆದೆವು. ಟಿಪ್ಪು ತನ್ನ ತಂದೆಗಾಗಿ ಕಟ್ಟಿಸಿದ ಗೋರಿ. ತಾಯಿ ತಂದೆಯರ ಬಳಿಯಲ್ಲಿ ಅವನೂ ಅಲ್ಲಿಯೇ ಮಲಗಿದ್ದಾನೆ. ಬಾಗಿಲುಗಳಲ್ಲಿ ದಂತವನ್ನು ಕೂರಿಸಿದ ಕುಸುರಿ ಕೆಲಸ. ಆ ಬಾಗಿಲುಗಳನ್ನು ಕೊಟ್ಟವನೂ ಡಾಲ್‌ಹೌಸಿಯೇ. ಸತಾರ, ಝಾನ್ಸಿ, ನಾಗಪುರಗಳನ್ನು ನುಂಗಿದ ಅದೇ ಡಾಲ್‌ಹೌಸಿ. ಗುಂಬಜಿಗೆ ಸಮೀಪದಲ್ಲಿಯೇ ಕರ್ನಲ್ ಬೇಲಿಯ ಸ್ಮಾರಕವೂ ಇದೆ. ಚಿತ್ರದಲ್ಲಿ ಬೆರಳು ಕಚ್ಚಿಕೊಂಡಿದ್ದವನು 1782ರಲ್ಲಿ ಈ ಊರಿನ ಸೆರೆಯಲ್ಲಿಯೇ ಸತ್ತನು. 1816ರಲ್ಲಿ ಅವನ ಬಂಧುವೊಬ್ಬನು ಸ್ಮಾರಕವನ್ನು ಕಟ್ಟಿಸಿದನು. ಬೆಳಗ್ಗೆ ಆ ಚಿತ್ರವನ್ನು ನೋಡಿ ನಕ್ಕಿದ್ದ ಹುಡುಗರು ಅಲ್ಲಿ ನಗಲಿಲ್ಲ. ನಾನೇನೂ ಹೇಳಿರಲಿಲ್ಲ.

ಪೊಳ್ಳಿಲೂರಿನ ಕಾಳಗವನ್ನು ಕಾಗದದ ಹತ್ತು ಹಾಳೆಗಳ ಮೇಲೆ ಬರೆದ ಸುಮಾರು 32 ಅಡಿ ಉದ್ದದ ಚಿತ್ರವೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡುಗಳಿಗೆ ಮಾರಾಟವಾಯಿತು. ನಮ್ಮ ಮಕ್ಕಳಿಗೆ ಅದೇ ಕಾಳಗದ ಗೋಡೆಯೇ ಒಂದು ರೈಲು ಟಿಕೆಟ್ಟಿನ ದೂರದಲ್ಲಿದೆ. ಹದಿನೈದು ವರ್ಷದೊಳಗಿನವರಿಗೆ ಅಲ್ಲಿ ಪ್ರವೇಶಧನವೂ ಇಲ್ಲ. ಆದರೂ ಕಂಬಗಳ ಮೇಲೆ ಮೊಳೆಯಿಂದ ಹೆಸರು ಕೆತ್ತಿ ಹೋಗುವವರು ಇದ್ದೇ ಇದ್ದಾರೆ. ಬರೆಯುವ ಆಸೆಗೆ ನೋಟ್‌ಬುಕ್ಕಿನಲ್ಲಿ ಜಾಗ ಬೇಕಾದಷ್ಟಿದೆ. ಸುಣ್ಣ ಬಳಿದ ಗೋಡೆಯನ್ನು ನೆನಪಿನಿಂದ ಮತ್ತೆ ಬರೆಯಬಹುದು. ಕೆತ್ತಿ ಹಾಳಾದ ಮರಕ್ಕೆ ಮದ್ದಿಲ್ಲ.

ಇಟಲಿಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. 1623ರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ ಕೆಳದಿಯ ವೆಂಕಟಪ್ಪನಾಯಕನ ರಾಜಧಾನಿ ಇಕ್ಕೇರಿಗೆ ಬಂದನು. ದಾರಿಯಲ್ಲಿ ದೇವಾಲಯವೊಂದರ ಜಗುಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಕಂಡನು. ನೆಲದ ಮೇಲೆ ನಯವಾದ ಮರಳು ಹರಡಿ, ರಾಗವಾಗಿ ಹೇಳಿಕೊಳ್ಳುತ್ತ, ಬೆರಳಿನಿಂದ ಅಂಕಿ ಬರೆಯುತ್ತಿದ್ದರು. ಜಾಗ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಉಪಾಧ್ಯಾಯರಿಲ್ಲ, ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾಲ್ವರೂ ಒಂದೇ ಕಡೆ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ಮರೆತರೆ ಉಳಿದವರು ತಿದ್ದುತ್ತಾರೆ ಎಂದು ಹುಡುಗರು ಹೇಳಿದರಂತೆ.

ಚರಿತ್ರೆಯನ್ನು ಉಳಿಸುವ ಬಗೆ ಇದಕ್ಕಿಂತ ಬೇರೆಯಿಲ್ಲವೆಂದು ನನಗೆ ತೋರುತ್ತದೆ. ಗೋಡೆಗೆ ಸುಣ್ಣ ಬಳಿಸಬಹುದು. ಪುಸ್ತಕದ ಪುಟ ಕೀಳಬಹುದು. ಮೇಷ್ಟ್ರೂ ಕಾಲು ಗಂಟೆಯಲ್ಲಿ ಪಾಠ ಮುಗಿಸಿಬಿಡಬಹುದು. ನೋಡಿ ನೆನಪಿಟ್ಟುಕೊಂಡವರು ನಾಲ್ವರಿದ್ದರೆ ಸಾಕು, ಅಳಿಸಿದ್ದನ್ನು ಮತ್ತೆ ಬರೆಯಲು ಬರುತ್ತದೆ. ತಪ್ಪಾಗಿ ಬರೆದದ್ದನ್ನು ತಿದ್ದಲೂ ಬರುತ್ತದೆ. ಡಾಲ್‌ಹೌಸಿಯ ಆಜ್ಞೆಯಿಂದ ಒಂದು ಗೆರೆಯೂ ಮೂಡುತ್ತಿರಲಿಲ್ಲ, ಆ ಚಿತ್ರಕಾರನು ಹಳೆಯ ಗೋಡೆಯನ್ನು ಮರೆತಿದ್ದಿದ್ದರೆ.

ಸಂಜೆಯ ಗಾಡಿಯಲ್ಲಿ ಹಿಂದಿರುಗಿದೆವು. ಮಕ್ಕಳು ಒಬ್ಬರ ನೋಟ್‌ಬುಕ್ಕನ್ನು ಇನ್ನೊಬ್ಬರು ಕಸಿದುಕೊಂಡು, ಪಲ್ಲಕ್ಕಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಜಗಳವಾಡುತ್ತಿದ್ದರು. ಹನಕೆರೆ ಬರುವವರೆಗೂ ಆ ಜಗಳ ತೀರಲಿಲ್ಲ. ನಾನೂ ತೀರಿಸಲು ಹೋಗಲಿಲ್ಲ. ನೀವು ಈ ಸಲ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಹತ್ತು ಸ್ಥಳಗಳ ಪಟ್ಟಿಯಲ್ಲಿ ಒಂಬತ್ತನ್ನು ಹೊಡೆದುಹಾಕಿ. ಉಳಿದ ಒಂದರ ಮುಂದೆ ಅವರನ್ನು ಕೂರಿಸಿ, ಅವರು ಕೇಳುವವರೆಗೆ ನೀವು ಬಾಯಿ ಬಿಡಬೇಡಿ. ಬೃಂದಾವನದ ಕಾರಂಜಿಯನ್ನು ಇನ್ನೊಂದು ವರ್ಷ ನೋಡಬಹುದು.